ಭೀಮಾತೀರದ ಸನ್ನತಿ

ವಾಡಿ ಜಂಕ್ಷನ್ನಿನಿಂದ ರಾಯಚೂರಿನ ಕಡೆಗೆ ಹೊರಟ ಪ್ಯಾಸೆಂಜರ್ ಗಾಡಿಯಲ್ಲಿ ನಾಲವಾರಕ್ಕೆ ಇಳಿದು, ಅಲ್ಲಿಂದ ಭೀಮಾ ನದಿಯ ದಿಕ್ಕಿಗೆ ಸಾಗಿದರೆ, ತೊಗರಿ ಜೋಳಗಳ ಕರಿನೆಲವನ್ನು ದಾಟಿದ ಮೇಲೆ ಸನ್ನತಿ ಎಂಬ ಚಿಕ್ಕ ಹಳ್ಳಿ ಸಿಗುತ್ತದೆ. ಚಿತ್ತಾಪುರ ತಾಲ್ಲೂಕಿಗೆ ಸೇರಿದ ಊರು. ನದಿಯ ಎಡದಂಡೆ. ಕಲ್ಲಿನ ಗೋಡೆ, ಕಲ್ಲಿನ ನೆಲ, ಎಷ್ಟೋ ಮನೆಗಳಿಗೆ ಕಲ್ಲಿನದೇ ಮಾಳಿಗೆ. ಸೇಡಂ, ಶಹಾಬಾದ್, ಚಿಂಚೋಳಿ ಸೀಮೆಯ ಯಾವ ಹಳ್ಳಿಗೆ ಹೋದರೂ ಕಾಣುವ ನೋಟವೇ ಇದು. ಸನ್ನತಿ ಎಂದರೆ ಸಂಸ್ಕೃತದಲ್ಲಿ ಬಾಗುವಿಕೆ, ವಿನಯ. ಊರ ಹೆಸರಿನ ಮೂಲ ಇದೇ ಎಂದು ಹೇಳಲು ಮಾತ್ರ ನಾನು ಸಿದ್ಧನಿಲ್ಲ. ಆದರೆ ಈ ಊರನ್ನು ಕಂಡವನಿಗೆ ಆ ಅರ್ಥ ಒಪ್ಪುತ್ತದೆ.

ನಮ್ಮ ಭಾಗದ ಬಹುಮಂದಿಗೆ ಸನ್ನತಿಯೆಂದರೆ ಚಂದ್ರಲಾಂಬೆ. ಅನೇಕ ಮನೆತನಗಳಿಗೆ ಆಕೆ ಕುಲದೇವತೆ. ಆಕೆಯ ಐತಿಹ್ಯವನ್ನು ನಾನು ಮೊದಲು ಕೇಳಿದ್ದು ನಮ್ಮ ಮುತ್ಯಾನ ಬಾಯಿಂದ. ಸೇತುರಾಜನೆಂಬ ದುಷ್ಟ ಅರಸ ನಾರಾಯಣ ಮುನಿಯ ಹೆಂಡತಿ ಚಂದ್ರವದನೆಯನ್ನು ಹೊತ್ತೊಯ್ದ. ಮುನಿ ಹಿಂಗುಲಾಂಬಿಕೆಯಲ್ಲಿ ಮೊರೆಯಿಟ್ಟ. ದೇವಿ ಹಿಂದೆ ಬರಲು ಒಪ್ಪಿದಳು, ಆದರೆ ಅವನು ತಿರುಗಿ ನೋಡಕೂಡದು. ಗೆಜ್ಜೆಯ ದನಿಯೊಂದೇ ಗುರುತು. ಕಾಗಿಣಾ ನದಿ ಭೀಮೆಯನ್ನು ಕೂಡುವ ಹೊನಗುಂಟಾದ ಬಳಿ ಗೆಜ್ಜೆಯ ದನಿ ನಿಂತಿತು. ಮುನಿ ತಾಳಲಾರದೆ ತಿರುಗಿದ. ದೇವಿ ಅಲ್ಲಿಯೇ ನೆಲೆನಿಂತಳು. ಅವಳು ಕೊಟ್ಟ ಐದು ತೆಂಗಿನಕಾಯಿಗಳನ್ನು ಮುನಿ ಸನ್ನತಿಯಲ್ಲಿ ಅರಸನ ಅರಮನೆಯ ಮುಂದೆ ಒಡೆದಾಗ ಅವುಗಳಿಂದ ದುಂಬಿಗಳ ಹಿಂಡು ಎದ್ದಿತು, ಅರಸ ಓಡಿಹೋಗಿ ಭೀಮೆಗೆ ಹಾರಿದ. ಮುತ್ಯಾ ಕತೆ ಮುಗಿಸುವಾಗಲೆಲ್ಲ, "ಹಿಂದಕ್ಕ ಹೊಳ್ಳಿ ನೋಡಬಾರದಿತ್ತಪಾ ಅಂವ" ಎಂದು ನಿಟ್ಟುಸಿರಿಡುತ್ತಿದ್ದ.

ಬಾಲ್ಯದಲ್ಲಿ ಮನೆಯವರೊಂದಿಗೆ ಅಲ್ಲಿಗೆ ಹೋದಾಗ ಹೊಳೆಯಲ್ಲಿ ಮಿಂದು, ಚಂದ್ರಲಾಂಬೆಗೆ ಕಾಯಿ ಒಡೆಸಿ, ಅದೇ ಆವರಣದ ಕಾಳಿಯ ಗುಡಿಗೂ ಹೋಗಿ ಅಡ್ಡಬಿದ್ದು ಬರುತ್ತಿದ್ದೆವು. ಆ ಕಾಳಿ ಯಾವುದರ ಮೇಲೆ ನಿಂತಿದ್ದಾಳೆಂದು ಅಂದು ಯಾರೂ ಕೇಳಲಿಲ್ಲ. ಕೇಳುವ ಕಾರಣವೂ ಇರಲಿಲ್ಲ.

ಊರ ಸುತ್ತಲಿನ ದಿಬ್ಬಗಳಲ್ಲಿ, ಹೊಲದ ಬದುಗಳಲ್ಲಿ ಹಳೆಯ ಲಿಪಿಯ ಕಲ್ಲುಗಳಿವೆ ಎಂಬ ಸಂಗತಿಯನ್ನು 1954ರಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು. ಸುರಪುರ ಸಂಸ್ಥಾನದ ಇತಿಹಾಸವನ್ನು ಬರೆದ ಅದೇ ಕೃಷ್ಣರಾಯರು. ಮೊಗಲಾಯಿಯ ಆಳ್ವಿಕೆ ಕೊನೆಗೊಂಡು ಆಗಿನ್ನೂ ಆರೇ ವರ್ಷ. ಈ ಸೀಮೆಯಲ್ಲಿ ಕನ್ನಡ ಶಾಲೆಗಳೇ ಎಣಿಕೆಗೆ ಸಿಗುವಷ್ಟಿದ್ದ ಕಾಲ. ಬಳಿಕ ಒಬ್ಬೊಬ್ಬರಾಗಿ ವಿದ್ವಾಂಸರು ಬಂದರು, ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನಗಳನ್ನು ಓದಿದರು. ಊರಿನಲ್ಲಿ ದೊರೆತ ಸ್ಮಾರಕಶಿಲೆಗಳನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ತೀರಿಹೋದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು ಅವು. ಗಂಡಹೆಂಡಿರು ಜೊತೆಯಾಗಿ ಕುಳಿತಿದ್ದಾರೆ; ಕೆಳಗಿನ ಪಟ್ಟಿಕೆಯಲ್ಲಿ ಎತ್ತು ಹೂಡಿದ ಬಂಡಿ. ನಮ್ಮ ಸೀಮೆಯ ರೈತನೊಬ್ಬ ಆ ಬಂಡಿಯನ್ನು ನೋಡಿದರೆ ಯಾರದೆಂದು ಕೇಳಬೇಕಾಗಿಲ್ಲ, ತನ್ನದೇ ಎಂದಾನು. ಪೈಠಣದ ಸೀಮೆಯಿಂದ ಕೃಷ್ಣಾ ಕಣಿವೆಯ ಕಡೆಗೆ ಇಳಿಯುವ ವ್ಯಾಪಾರದ ಹಾದಿಗೆ ಈ ಹೊಳೆಯ ದಂಡೆ ಅನುಕೂಲವಾಗಿದ್ದಿರಬೇಕು.

ಇಷ್ಟಾದರೂ ಸನ್ನತಿಯ ನಿಜವಾದ ಗುಟ್ಟು ಹೊರಬಿದ್ದದ್ದು ಒಂದು ಅಪಘಾತದಿಂದ. 1980ರ ದಶಕದ ಉತ್ತರಾರ್ಧದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು, ಅದರ ಪೀಠ ಬಯಲಿಗೆ ಬಂತು. ಪೀಠವೆಂದು ಬಳಸಿದ್ದ ಆ ಚಪ್ಪಡಿಯ ಎರಡೂ ಮುಖಗಳಲ್ಲಿ ಬರವಣಿಗೆ ಇತ್ತು. ಮೂರ್ತಿಯನ್ನು ನೆಡಲು ಯಾರೋ ಅದರ ನಡುವೆ ಆಯಾಕಾರದ ಕಿಂಡಿ ಕೊರೆದಿದ್ದರು. ಹಾಗೆ ಕೊರೆದಾಗ ಎರಡು ಮುಖಗಳ ಅಕ್ಷರಗಳೂ ಪುಡಿಯಾಗಿ ಹೋಗಿದ್ದವು. ಉಳಿದುದನ್ನು ಓದಿದಾಗ ತಿಳಿಯಿತು: ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನ.

ಅಶೋಕನ ಶಾಸನಗಳು ಕರ್ನಾಟಕಕ್ಕೆ ಹೊಸವಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಿಂದಲೇ 'ದೇವಾನಾಂಪ್ರಿಯ'ನೆಂಬ ಅರಸನೂ ಅಶೋಕನೂ ಒಬ್ಬನೇ ಎಂಬುದು ಖಚಿತವಾಯಿತು. ಆದರೆ ಮಸ್ಕಿ, ಬ್ರಹ್ಮಗಿರಿ, ಕೊಪ್ಪಳಗಳಲ್ಲಿರುವುವು ಕಿರುಬಂಡೆ ಶಾಸನಗಳು. ಸನ್ನತಿಯದು ಹಿರಿಯ ಬಂಡೆ ಶಾಸನಗಳ ವರ್ಗಕ್ಕೆ ಸೇರಿದ್ದು. ಚಪ್ಪಡಿಯ ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗಗಳು. ಇನ್ನೊಂದು ಮುಖದಲ್ಲಿ 'ಪ್ರತ್ಯೇಕ ಶಾಸನ'ಗಳೆಂದು ವಿದ್ವಾಂಸರು ಕರೆಯುವ ಎರಡು ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದುವರೆಗೆ ದೊರೆತದ್ದು ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ. ಪ್ರಜೆಗಳೆಲ್ಲ ತನ್ನ ಮಕ್ಕಳೆಂದೂ, ಅಧಿಕಾರಿಗಳು ದುಡುಕಿನಿಂದಲೋ ಸೋಮಾರಿತನದಿಂದಲೋ ಯಾರನ್ನೂ ನಿಷ್ಕಾರಣವಾಗಿ ಸೆರೆಯಲ್ಲಿಡಬಾರದೆಂದೂ ಅರಸ ಅವುಗಳಲ್ಲಿ ಎಚ್ಚರಿಸುತ್ತಾನೆ. ಯುದ್ಧದಲ್ಲಿ ನೊಂದ ಕಳಿಂಗದ ಜನರಿಗಾಗಿಯೇ ಈ ಮಾತುಗಳು ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸನ್ನತಿಯ ಕಲ್ಲು ಆ ವಿವರಣೆಯನ್ನು ಅಲುಗಿಸಿತು. ಭೀಮಾತೀರಕ್ಕೂ ಕಳಿಂಗಕ್ಕೂ ಯಾವ ಸಮಾನ ದುಃಖವಿತ್ತು, ಅಥವಾ ಯಾವ ಆಡಳಿತದ ಅಗತ್ಯವಿತ್ತು, ಎಂಬ ಪ್ರಶ್ನೆ ತೆರೆದುಕೊಂಡಿತು.

ಹನ್ನೆರಡನೆಯ ಶಾಸನದ ವಿಷಯ ಪರಮತ ಗೌರವ. ತನ್ನ ಮತವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆಂಬುದು ಅದರ ತಾತ್ಪರ್ಯ. ಅಂಥ ಶಾಸನ ಕಾಳಿಯ ಪಾದದಡಿಯಲ್ಲಿ ಉಳಿದುಬಂದಿತು! ಕೊರೆದವನಿಗೆ ಅಕ್ಷರ ತಿಳಿದಿರಲಿಲ್ಲ, ಅವನನ್ನು ದೂರುವುದು ಸಲ್ಲ. ಪೀಠವಾಗದೆ ಹೊಲದಲ್ಲಿ ಬಿದ್ದಿದ್ದರೆ ಇಷ್ಟಾದರೂ ನಮಗೆ ದಕ್ಕುತ್ತಿತ್ತೇ? ಹದಿನಾಲ್ಕನೆಯ ಶಾಸನದಲ್ಲಿ ಅರಸ, ಕೆಲವು ಕಡೆ ಬರಹ ಅಪೂರ್ಣವಾಗಿರಬಹುದು, ಲಿಪಿಕಾರನ ತಪ್ಪೂ ಇರಬಹುದು ಎಂದು ಒಪ್ಪಿಕೊಳ್ಳುತ್ತಾನೆ. ನಲವತ್ತು ವರ್ಷ ಉತ್ತರಪತ್ರಿಕೆಗಳನ್ನೂ ಕರಡಚ್ಚುಗಳನ್ನೂ ತಿದ್ದಿದ ನನಗೆ ಅಶೋಕನ ಶಾಸನಗಳಲ್ಲೆಲ್ಲ ಅತ್ಯಂತ ಪ್ರಿಯವಾದದ್ದು ಅದೇ.

ಸನ್ನತಿಯಿಂದ ಹತ್ತಿರದಲ್ಲೇ ಕನಗನಹಳ್ಳಿ ಇದೆ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ಮಣ್ಣಿನೊಳಗಿಂದ ಒಂದು ಮಹಾಸ್ತೂಪವೇ ಕಾಣಿಸಿತು. ಅದರ ಶಾಸನಗಳಲ್ಲಿ ಬರುವ ಹೆಸರು 'ಅಧೋಲೋಕ ಮಹಾಚೇತಿಯ'. ಅಂಡದ ಸುತ್ತ ಆಳೆತ್ತರವನ್ನು ಮೀರಿದ ಚಪ್ಪಡಿಗಳು. ಒಂದೊಂದರಲ್ಲೂ ಮೇಲೊಂದು ಕೆಳಗೊಂದು ಚಿತ್ರ. ಜಾತಕ ಕತೆಗಳು, ಬುದ್ಧನ ಬಾಳಿನ ಘಟನೆಗಳು. ಅಲ್ಲಿ ದೊರೆತ ಶಾಸನಗಳು 250ಕ್ಕೂ ಹೆಚ್ಚು. ಕೊಟ್ಟವರಲ್ಲಿ ಗೃಹಸ್ಥರಿದ್ದಾರೆ, ಭಿಕ್ಷುಣಿಯರಿದ್ದಾರೆ. ಸಾತವಾಹನ ಅರಸರೂ ಇದ್ದಾರೆ. ಒಂದು ಚಪ್ಪಡಿಯಲ್ಲಿ ಸಾತಕಣಿ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆ. ಕಲ್ಲೋ, ಬೇರೆ ಎಲ್ಲಿಂದಲೂ ತಂದದ್ದಲ್ಲ. ನಮ್ಮ ಶಹಾಬಾದಿನ ಪರಸಿಯ ಜಾತಿಯದೇ ಸುಣ್ಣಕಲ್ಲು. ನಾವು ಅಡುಗೆಮನೆಗೆ ಹಾಸುವ, ವಾಡಿಯ ಕಾರ್ಖಾನೆಯಲ್ಲಿ ಸಿಮೆಂಟಾಗುವ ಕಲ್ಲು.

ಭಾಷೆಯ ವಿದ್ಯಾರ್ಥಿಗೆ ಇಲ್ಲಿ ಒಂದು ಕೊರಗು ಉಂಟು. ಶಾಸನಗಳೆಲ್ಲ ಪ್ರಾಕೃತ. ಕನ್ನಡ ಶಾಸನಕ್ಕಾಗಿ ಹಲ್ಮಿಡಿಯವರೆಗೆ, ಎಂದರೆ ಅಶೋಕನಿಂದ ಸುಮಾರು 700 ವರ್ಷ ಕಾಯಬೇಕು. ಆದರೆ ಸಾತವಾಹನ ಅರಸ ಹಾಲನ ಹೆಸರಿನಲ್ಲಿರುವ ಪ್ರಾಕೃತ ಗಾಥೆಗಳ ಸಂಕಲನದಲ್ಲಿ ತುಪ್ಪ, ಪೊಟ್ಟೆಯಂಥ ಕನ್ನಡದ ಶಬ್ದಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಕನಗನಹಳ್ಳಿಯ ಶಿಲ್ಪಿಗಳು ಬುತ್ತಿ ಬಿಚ್ಚಿ ಉಣ್ಣುವಾಗ ತುಪ್ಪಕ್ಕೆ ಏನೆಂದು ಕರೆಯುತ್ತಿದ್ದರೋ! ಆ ಮಾತು ಕಲ್ಲಿಗೆ ಏರಲಿಲ್ಲ.

ಊರಿನ ಸ್ಮೃತಿಯ ರೀತಿಯೂ ವಿಚಿತ್ರ. ಶತಮಾನಗಳ ಕಾಲ ದೀಪ ಉರಿದಿರಬಹುದಾದ ಆ ಚೈತ್ಯದ ಬಗ್ಗೆ ಮುತ್ಯಾನ ಕತೆಯಲ್ಲಿ ಒಂದು ಸೊಲ್ಲೂ ಇರಲಿಲ್ಲ. ಬುದ್ಧನಿಲ್ಲ, ಭಿಕ್ಷುವಿಲ್ಲ, ಸಾತವಾಹನನಿಲ್ಲ. ದುಂಬಿ ಮತ್ತು ಗೆಜ್ಜೆ ಮಾತ್ರ ಉಳಿದಿವೆ.

ಅಮರಾವತಿಯ ಶಿಲ್ಪಗಳಲ್ಲಿ ಎಷ್ಟೋ ಸುಣ್ಣದ ಗೂಡಿಗೆ ಬಿದ್ದವು. ಉಳಿದವುಗಳಲ್ಲಿ ದೊಡ್ಡ ಪಾಲು ಮದ್ರಾಸಿಗೂ ಲಂಡನ್ನಿಗೂ ಹೋದವು. ನಾಗಾರ್ಜುನಕೊಂಡದ ಕಣಿವೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಕನಗನಹಳ್ಳಿಯ ಕಲ್ಲುಗಳು ಮಾತ್ರ ತಮ್ಮ ಹೊಲದಲ್ಲಿಯೇ ಇವೆ. ಅಗೆದ ಮೇಲೆ ಅವು ಬಯಲಲ್ಲಿ ಬಿದ್ದುಕೊಂಡಿದ್ದ ಕಾಲ ಸಣ್ಣದಲ್ಲ. ಕಲಬುರಗಿಯ ಬಿಸಿಲನ್ನು ತಾಳಿ, ಮಳೆಗಾಲದಲ್ಲಿ ಹಸಿರು ಹಾವಸೆ ಹಿಡಿದು ಅವು ಮಲಗಿದ್ದುದನ್ನು ನಾನು ಹಲವು ಸಲ ಕಂಡು ಮರುಗಿದ್ದೇನೆ. ಮಣ್ಣೊಳಗೆ ಎರಡು ಸಾವಿರ ವರ್ಷ ಕ್ಷೇಮವಾಗಿದ್ದುದನ್ನು ಹೊರತೆಗೆದ ಮೇಲೆ ಕಾಯುವ ಹೊಣೆ ಯಾರದು? ಈಚಿನ ವರ್ಷಗಳಲ್ಲಿ ಸಂರಕ್ಷಣೆಯ ಕೆಲಸ ಕೈಗೂಡಿದೆ. ತಡವಾದರೂ ಆಯಿತಲ್ಲ ಎಂದು ನನ್ನಂಥ ಮುದುಕರು ಸಮಾಧಾನಪಡುತ್ತೇವೆ.

ಅಲ್ಲಿ ಒಂದು ಚಪ್ಪಡಿಯಿದೆ. ನಡುವೆ ಅರಸ, ಪಕ್ಕದಲ್ಲಿ ರಾಣಿ, ಸುತ್ತ ಕೊಡೆ ಚಾಮರ ಹಿಡಿದ ಪರಿಚಾರಿಕೆಯರು. ಮೇಲೆ ಬ್ರಾಹ್ಮಿಯಲ್ಲಿ ಎರಡು ಮಾತು: 'ರಾಯಾ ಅಸೋಕೋ'. ಅಶೋಕನ ಹೆಸರನ್ನು ಕೆಳಗೆ ಬರೆದೋ ಮೇಲೆ ಬರೆದೋ ಗುರುತಿಸಿದ ಪ್ರಾಚೀನ ಚಿತ್ರ ಬೇರೆಡೆ ದೊರೆತಿರಲಿಲ್ಲ. ಅವನು ತೀರಿಕೊಂಡು ಬಹುಕಾಲವಾದ ಮೇಲೆ ಕೆತ್ತಿದ್ದಾದ್ದರಿಂದ ಇದು ಅವನ ನಿಜವಾದ ಮುಖವೆನ್ನುವಂತಿಲ್ಲ. ಭೀಮಾತೀರದ ಶಿಲ್ಪಿಯೊಬ್ಬ ಅರಸನೆಂದರೆ ಹೀಗಿದ್ದಾನೆಂದು ಕಲ್ಪಿಸಿದ ಮುಖ ಅದು.

ಹೋಗುವವರು ಜಾತ್ರೆಯ ದಿನಗಳನ್ನು ಬಿಟ್ಟು ಹೋಗಬೇಕು. ಮಧ್ಯಾಹ್ನದ ನೆತ್ತಿಬಿಸಿಲಲ್ಲಿ ಹೋಗಬಾರದು. ಆಗ ಕಲ್ಲು ಬರಿಯ ಬೂದುಬಣ್ಣದ ಹಾಸಾಗಿ ಕಾಣುತ್ತದೆ. ಸಂಜೆ ನಾಲ್ಕರ ಮೇಲೆ ಬೆಳಕು ಓರೆಯಾಗಿ ಬೀಳುವಾಗ ಅಕ್ಷರಗಳ ಗೆರೆಗಳಲ್ಲಿ ನೆರಳು ನಿಲ್ಲುತ್ತದೆ, ಓದಲು ಬರುತ್ತದೆ.