ಸೋತ ದೇವರಿಗೆ ಕಟ್ಟಿದ ಮನೆ

ಜಪಾನಿನ ಶಿಮಾನೆ ಪ್ರಾಂತ್ಯದಲ್ಲಿ ಇಜುಮೊ ತೈಶಾ ಅನ್ನೋ ಹಳೇ ಶಿಂತೊ ದೇವಸ್ಥಾನ ಇದೆ. ಅಲ್ಲಿಗೆ ಹೋದರೆ ಒಳಬಾಗಿಲ ಮುಂದೆ ನಿಂತು ಒಂದು ಸಲ ನೆಲ ನೋಡಬೇಕು. ಕಲ್ಲುಹಾಸಿನ ಮೇಲೆ ಒಂದಕ್ಕೊಂದು ಅಂಟಿಕೊಂಡ ಮೂರು ದೊಡ್ಡ ವೃತ್ತಗಳ ಗುರುತು ಇದೆ. ಮೂರೂ ಸೇರಿ ಒಂದೇ ಕಂಬದ ಅಳತೆ!

ಆ ಕಂಬದ ಹಿಂದೆ ಒಂದು ಕಥೆ ಇದೆ. 712ರಲ್ಲಿ ಬರೆದು ಮುಗಿಸಿದ 'ಕೊಜಿಕಿ' ಗ್ರಂಥದ ಪ್ರಕಾರ ಭೂಮಿಯನ್ನು ಕಟ್ಟಿ ಬೆಳೆಸಿದವನು ಒಕುನಿನುಶಿ. ಎಲ್ಲಾ ಸರಿಹೋದ ಮೇಲೆ ಸೂರ್ಯದೇವತೆ ಅಮತೆರಾಸು ದೂತರನ್ನು ಕಳಿಸಿ, "ಈ ನಾಡು ನನ್ನ ವಂಶಕ್ಕೆ ಸೇರಬೇಕು" ಅಂತಾಳೆ. ಒಕುನಿನುಶಿಯ ಒಬ್ಬ ಮಗ ದೂತನ ಜೊತೆ ಸೆಣಸಾಡಿ ಸೋಲುತ್ತಾನೆ. ಕೊನೆಗೆ ಅಪ್ಪ ನಾಡು ಬಿಟ್ಟುಕೊಡಲು ಒಪ್ಪುತ್ತಾನೆ. ಆದರೆ ಒಂದು ಕಂಡೀಷನ್: ಬಂಡೆಯ ಮೇಲೆ ದಪ್ಪ ಕಂಬ ನೆಟ್ಟು, ಆಕಾಶ ಮುಟ್ಟುವ ಮನೆ ಕಟ್ಟಿಸಿಕೊಡಬೇಕು. ಅಂದರೆ ಈ ದೇವಸ್ಥಾನ ಸೋತವನಿಗೆ ಸಿಕ್ಕ ಪರಿಹಾರ. ನನಗೆ ಇಡೀ ಪುರಾಣದಲ್ಲಿ ಇಷ್ಟವಾಗಿದ್ದೇ ಇದು.

ಈಗಿನ ಮುಖ್ಯ ಗುಡಿ 1744ರದ್ದು, ಎತ್ತರ 24 ಮೀಟರ್. ಹಿಂದೆ 48 ಮೀಟರ್ ಇತ್ತು, ಅದಕ್ಕೂ ಮುಂಚೆ 96 ಇತ್ತು ಅಂತ ಅಲ್ಲಿನ ಪರಂಪರೆ ಹೇಳುತ್ತೆ. ಅರ್ಚಕರ ಮನೆತನದಲ್ಲಿ ಒಂದು ಹಳೇ ಪ್ಲಾನ್ ಕೂಡ ಇದೆ: ಒಂಬತ್ತು ಕಂಬ, ಒಂದೊಂದಕ್ಕೂ ಮೂರು ಮರ ಸೇರಿಸಿ ಕಬ್ಬಿಣದ ಪಟ್ಟಿ ಬಿಗಿದಂತೆ. ಬರೀ ಉತ್ಪ್ರೇಕ್ಷೆ ಅಂತ ಬಹಳ ಜನ ನಂಬಿರಲಿಲ್ಲ.

2000ದಲ್ಲಿ ಅದೇ ಅಂಗಳ ಅಗೆದಾಗ ಕಂಬಗಳ ಬುಡ ಸಿಕ್ಕಿತು. ಸುಗಿ ಜಾತಿಯ ಮೂರು ಮರಗಳ ಕಟ್ಟು, ಒಟ್ಟು ಅಗಲ ಸುಮಾರು 3 ಮೀಟರ್. ಪ್ಲಾನಿನಲ್ಲಿ ಇದ್ದ ಹಾಗೇ!

ಹಾಗಂತ 48 ಮೀಟರ್ ಪ್ರೂವ್ ಆಯ್ತಾ? ಇಲ್ಲ. ಆ ಬುಡಗಳು 1248ರ ಸುಮಾರಿಗೆ ಕಟ್ಟಿದ ಗುಡಿಯವು ಅಂತಾರೆ, ಪುರಾಣಕಾಲದ್ದಲ್ಲ. ಕಂಬ ದಪ್ಪ ಇದ್ದರೆ ಭಾರ ಹೊರುತ್ತಿತ್ತು ಅಂತ ಹೇಳಬಹುದು, ಎತ್ತರ ಎಷ್ಟು ಅಂತ ಬುಡ ನೋಡಿ ಹೇಳೋಕಾಗಲ್ಲ. (ಸಿವಿಲ್‌ನವರು ಬೇಕಾದರೆ ಜಗಳಕ್ಕೆ ಬನ್ನಿ.) ಆದರೆ ಗುಡಿ ಹಲವು ಸಲ ಉರುಳಿಬಿತ್ತು ಅಂತ ಹಳೇ ದಾಖಲೆಗಳಲ್ಲಿದೆ. ಗಿಡ್ಡ ಕಟ್ಟಡ ಹಾಗೆ ಪದೇ ಪದೇ ಬೀಳುತ್ತಾ ಅನ್ನೋದು ನನ್ನ ಡೌಟು.

ನಾಡು ಕಳಕೊಂಡ ಒಕುನಿನುಶಿಗೆ ಇನ್ನೊಂದು ಕೆಲಸ ಸಿಕ್ಕಿದೆ. ಚಾಂದ್ರಮಾನದ ಹತ್ತನೇ ತಿಂಗಳಲ್ಲಿ ದೇಶದ ದೇವರೆಲ್ಲ ಇಜುಮೊಗೆ ಬಂದು, ಯಾರಿಗೆ ಯಾರು ಜೋಡಿ ಅಂತ ಮೀಟಿಂಗ್ ಮಾಡ್ತಾರಂತೆ. ಬೇರೆ ಕಡೆ ಅದು 'ದೇವರಿಲ್ಲದ ತಿಂಗಳು', ಇಲ್ಲಿ ಮಾತ್ರ 'ದೇವರಿರುವ ತಿಂಗಳು'. ಬೇರೆ ಗುಡಿಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಚಪ್ಪಾಳೆ ತಟ್ಟಿ ಕೈಮುಗೀತಾರೆ, ಇಲ್ಲಿ ನಾಲ್ಕು ಸಲ. ಅಗೆದಾಗ ಸಿಕ್ಕ ಕಂಬದ ಬುಡವನ್ನು ಪಕ್ಕದ ಮ್ಯೂಸಿಯಮ್ಮಿನಲ್ಲಿ ನೋಡಬಹುದು.