ನನ್ನ ಕಡತಕ್ಕೆ ಬಿಡುಗಡೆ

1989ರ ಡಿಸೆಂಬರ್ 4ರ ಬೆಳಿಗ್ಗೆ ಪೂರ್ವ ಜರ್ಮನಿಯ ಎರ್‌ಫುರ್ಟ್ ನಗರದಲ್ಲಿ ಕೆಲವು ಹೆಂಗಸರು ಗುಪ್ತ ಪೊಲೀಸರ ಜಿಲ್ಲಾ ಕಚೇರಿಯ ಮುಂದೆ ಬಂದು ನಿಂತರು. ಆ ಕಟ್ಟಡದ ಚಿಮಣಿಯಿಂದ ಹೊಗೆ ಏಳುತ್ತಿರುವುದು ಊರವರ ಕಣ್ಣಿಗೆ ಬಿದ್ದಿತ್ತು. ಒಳಗೆ ಕಾಗದ ಸುಡುತ್ತಿದ್ದಾರೆ ಎಂದು ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ. ಬರ್ಲಿನ್ ಗೋಡೆ ಬಿದ್ದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಗೋಡೆ ಬಿದ್ದರೂ ಗುಪ್ತ ಪೊಲೀಸ್ ಸಚಿವಾಲಯ ಮಾತ್ರ ಹೆಸರು ಬದಲಿಸಿಕೊಂಡು ಉಸಿರಾಡುತ್ತಲೇ ಇತ್ತು. ಹೆಂಗಸರು ಒಳನುಗ್ಗಿದರು. ಅವರ ಹಿಂದೆ ಊರಿನ ಜನ ನುಗ್ಗಿದರು. ಸರ್ಕಾರಿ ವಕೀಲರನ್ನು ಕರೆಸಿ ಕೋಣೆಗಳಿಗೆ ಮೊಹರು ಹಾಕಿಸಿದರು. ಅದೇ ದಿನ ಸಂಜೆ ಲೈಪ್‌ಜಿಗ್‌ನಲ್ಲೂ ಹೀಗೇ ಆಯಿತು. 1990ರ ಜನವರಿ 15ರಂದು ಬರ್ಲಿನ್ನಿನ ಲಿಖ್ಟೆನ್‌ಬರ್ಗ್‌ನಲ್ಲಿದ್ದ ಕೇಂದ್ರ ಕಚೇರಿಯೂ ಜನರ ವಶವಾಯಿತು. ಆ ದಿನಗಳ ಒಂದು ಘೋಷಣೆ, ‘ನನ್ನ ಕಡತಕ್ಕೆ ಬಿಡುಗಡೆ ಕೊಡಿ’.

ಕಮ್ಯುನಿಸ್ಟ್ ಆಡಳಿತಗಳು ಕುಸಿದ ಮೇಲೆ ಪೂರ್ವ ಯುರೋಪಿನಲ್ಲಿ ಚುನಾವಣೆಗಳಾದವು, ಹೊಸ ಸಂವಿಧಾನಗಳು ಬಂದವು, ಪಕ್ಷಗಳು ಹುಟ್ಟಿದವು. ಈ ಸುಧಾರಣೆಗಳ ಕಥೆ ಹೇಳುವವರು ಬಹಳ ಮಂದಿ. ಈ ಅಧ್ಯಾಯದಲ್ಲಿ ಅವೆಲ್ಲವನ್ನೂ ಬದಿಗಿಟ್ಟು ಒಂದೇ ಪ್ರಶ್ನೆಯ ಬೆನ್ನು ಹತ್ತೋಣ. ಪ್ರಭುತ್ವ ಕದ್ದು ಬರೆದಿಟ್ಟ ನನ್ನ ಬದುಕಿನ ದಾಖಲೆ ಯಾರಿಗೆ ಸೇರಿದ್ದು? ಕಂಡವನಿಗೋ, ಬರೆದವನಿಗೋ, ಬದುಕಿದವನಿಗೋ?

ಸ್ಟಾಸಿ ಎಂದು ಜನ ಕರೆಯುತ್ತಿದ್ದ ಆ ಸಂಸ್ಥೆಯ ಪೂರ್ಣ ಹೆಸರು ರಾಷ್ಟ್ರ ಭದ್ರತಾ ಸಚಿವಾಲಯ. ಹುಟ್ಟಿದ್ದು 1950ರ ಫೆಬ್ರವರಿಯಲ್ಲಿ. 1957ರಿಂದ ಕೊನೆಯವರೆಗೂ ಅದರ ಯಜಮಾನ ಎರಿಖ್ ಮೀಲ್ಕೆ. 1989ರಲ್ಲಿ ಅಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದವರೇ ಸುಮಾರು 91,000 ಮಂದಿ. ದೇಶದ ಜನಸಂಖ್ಯೆ ಒಂದು ಕೋಟಿ ಅರವತ್ತು ಲಕ್ಷದ ಆಸುಪಾಸು. ಅಂದರೆ ಹೆಚ್ಚುಕಡಿಮೆ 180 ಜನಕ್ಕೆ ಒಬ್ಬ ಅಧಿಕಾರಿ. ಇವರ ಜೊತೆಗೆ ಬಾತ್ಮೀದಾರರು. ಅವರ ಸಂಖ್ಯೆ ಒಂದೂಮುಕ್ಕಾಲು ಲಕ್ಷ ದಾಟಿತ್ತೆಂದು ಸಂಶೋಧಕರ ಅಂದಾಜು. ಲೆಕ್ಕದ ಬಗ್ಗೆ ವಾದಗಳಿವೆ. ಸಹೋದ್ಯೋಗಿ, ಪಾದ್ರಿ, ವೈದ್ಯ, ಗೆಳತಿ, ಯಾರಾದರೂ ಬಾತ್ಮೀದಾರರಾಗಿರಬಹುದಿತ್ತು. ಗೋಡೆಗೂ ಕಿವಿಯಿದೆ ಎಂಬ ಮಾತು ನಮ್ಮಲ್ಲಿ ಗಾದೆ. ಅಲ್ಲಿ ಅದು ವಾಸ್ತವ. ಅಂಚೆಯ ಪತ್ರಗಳನ್ನು ಹಬೆ ಹಿಡಿದು ಬಿಡಿಸಿ, ಓದಿ, ಮತ್ತೆ ಅಂಟಿಸಿ ಕಳಿಸುವ ವಿಭಾಗವಿತ್ತು. ಅನುಮಾನಿತರ ಮೈವಾಸನೆಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದು ಗಾಜಿನ ಸೀಸೆಗಳಲ್ಲಿ ಕಾಪಿಡುತ್ತಿದ್ದರು. ಮುಂದೆ ನಾಯಿಗಳಿಗೆ ಮೂಸಲು ಕೊಡುವುದಕ್ಕಾಗಿ.

ಹೀಗೆ ಸೇರಿದ ಕಾಗದ ಸಾಲಾಗಿ ನಿಲ್ಲಿಸಿದರೆ 111 ಕಿಲೋಮೀಟರ್. ಅದರೊಳಗೆ ದಾರಿ ಹುಡುಕುವ ವ್ಯವಸ್ಥೆಯನ್ನು ಅರಿತುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಎಫ್16 ಎಂಬ ಕಾರ್ಡಿನಲ್ಲಿ ವ್ಯಕ್ತಿಯ ನಿಜವಾದ ಹೆಸರು ಮತ್ತು ಒಂದು ನೋಂದಣಿ ಸಂಖ್ಯೆ. ಎಫ್22 ಎಂಬ ಇನ್ನೊಂದು ಕಾರ್ಡಿನಲ್ಲಿ ಅದೇ ಸಂಖ್ಯೆ, ಆದರೆ ಗುಪ್ತನಾಮ ಮಾತ್ರ. ಒಂದೇ ಕಾರ್ಡು ಕೈಗೆ ಸಿಕ್ಕವನಿಗೆ ಬಾತ್ಮೀದಾರ ಯಾರೆಂದು ತಿಳಿಯದು. ಎರಡನ್ನೂ ಜೋಡಿಸಿದರೆ ಮಾತ್ರ ಮುಖವಾಡದ ಹಿಂದಿನ ಮುಖ ಕಾಣುತ್ತದೆ. ತನ್ನ ಬಾತ್ಮೀದಾರರನ್ನು ತನ್ನ ನೌಕರರಿಂದಲೇ ಮುಚ್ಚಿಡಲು ಸ್ಟಾಸಿ ಹೂಡಿದ್ದ ಉಪಾಯವಿದು. ಮುಂದೆ ನೊಂದವರಿಗೆ ಉತ್ತರ ಕೊಟ್ಟದ್ದೂ ಇದೇ ಎರಡು ಕಾರ್ಡುಗಳು.

ಇಷ್ಟೊಂದು ಬರೆದು ಮಾಡುತ್ತಿದ್ದದ್ದಾದರೂ ಏನು? 1975ರ ಆಗಸ್ಟ್‌ನಲ್ಲಿ ಪೂರ್ವ ಜರ್ಮನಿ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿತು. ಗಡಿಗಳಿಗೆ ಜಗತ್ತಿನ ಮನ್ನಣೆ ದಕ್ಕಿತು. ಅದರ ಜೊತೆಗೆ ಮಾನವ ಹಕ್ಕುಗಳನ್ನು ಗೌರವಿಸುವ ವಾಗ್ದಾನವೂ ಕೊರಳಿಗೆ ಬಿತ್ತು. ಭಿನ್ನಮತೀಯರನ್ನು ಹಗಲುಹೊತ್ತಿನಲ್ಲಿ ಎಳೆದೊಯ್ದರೆ ಈಗ ಪಶ್ಚಿಮದ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತಿತ್ತು. 1976ರ ಜನವರಿಯಲ್ಲಿ ಸ್ಟಾಸಿ ಒಂದು ಹೊಸ ನಿರ್ದೇಶನ ಹೊರಡಿಸಿತು. ಅದರ ತಿರುಳು ‘ತ್ಸೆರ್‌ಸೆಟ್ಸುಂಗ್’ ಎಂಬ ಒಂದು ಪದದಲ್ಲಿದೆ. ಕೊಳೆಸುವುದು, ಒಳಗಿನಿಂದ ಕರಗಿಸುವುದು ಎಂದರ್ಥ. ಗುರಿಯಾದವನ ಮೇಲೆ ಗಾಳಿಸುದ್ದಿ ಹಬ್ಬಿಸುವುದು, ಕೆಲಸದಲ್ಲಿ ಏಳಿಗೆ ತಪ್ಪಿಸುವುದು, ಗೆಳೆಯರಲ್ಲಿ ಪರಸ್ಪರ ಅನುಮಾನ ಬಿತ್ತುವುದು, ಸಂಸಾರ ಒಡೆಯುವುದು. ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ದೂರು ಕೊಡಲು ಸಾಕ್ಷಿಯಿಲ್ಲ. ಬದುಕು ಏಕೆ ಹೀಗೆ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತಿದೆ ಎಂದು ತಿಳಿಯದೆ, ದೋಷ ತನ್ನದೇ ಎಂದು ನಂಬಿ ಕುಗ್ಗಿದವರು ಎಷ್ಟೋ ಮಂದಿ. ಇಂಥ ಹಿಂಸೆಗೆ ಉಳಿದ ಸಾಕ್ಷಿಯೆಂದರೆ ಹಿಂಸಿಸಿದವರೇ ಬರೆದಿಟ್ಟ ಕಾಗದ. ಎರ್‌ಫುರ್ಟಿನ ಹೆಂಗಸರು ಅಂದು ಬೆಂಕಿಯಿಂದ ಉಳಿಸಿದ್ದು ಈ ಸಾಕ್ಷಿಯನ್ನು.

ಉಳಿದ ಕಡತಗಳನ್ನು ಏನು ಮಾಡಬೇಕೆಂಬ ಜಗಳ 1990ರ ವರ್ಷವಿಡೀ ನಡೆಯಿತು. ತೆರೆದರೆ ನೆರೆಹೊರೆಯವರು ಪರಸ್ಪರ ಕೊಂದುಕೊಳ್ಳುತ್ತಾರೆ ಎಂದು ಹೆದರಿದವರಿದ್ದರು. ಹಳೆಯದನ್ನು ಕೆದಕಬಾರದು, ಸುಟ್ಟು ಮುಂದೆ ನಡೆಯೋಣ ಎಂದವರಲ್ಲಿ ಪ್ರಾಮಾಣಿಕರೂ ಇದ್ದರು, ಹೆಸರು ಹೊರಬೀಳುವ ಭಯದವರೂ ಇದ್ದರು. ಹಳೆಯ ಸರ್ಕಾರ ಮತ್ತು ವಿರೋಧಿ ಗುಂಪುಗಳು ಜೊತೆಗೂಡಿದ್ದ ದುಂಡು ಮೇಜಿನ ಸಭೆ ಆ ಫೆಬ್ರವರಿಯಲ್ಲಿ ದೊಡ್ಡ ತಪ್ಪು ಮಾಡಿತು. ಕಂಪ್ಯೂಟರ್ ಟೇಪುಗಳನ್ನು ನಾಶಪಡಿಸಲು ಒಪ್ಪಿತು, ಸ್ಟಾಸಿಯ ವಿದೇಶಿ ಬೇಹುಗಾರಿಕೆ ವಿಭಾಗಕ್ಕೆ ತನ್ನನ್ನು ತಾನೇ ವಿಸರ್ಜಿಸಿಕೊಳ್ಳಲು ಬಿಟ್ಟಿತು. ಆ ವಿಭಾಗ ತನ್ನ ಕಡತಗಳನ್ನೂ ಜೊತೆಗೇ ಮುಗಿಸಿತು. ಕಾಗದ ಉಳಿದದ್ದು ಎಷ್ಟು ಮುಖ್ಯವೆಂಬುದು ಮಾರ್ಚ್ ತಿಂಗಳಲ್ಲೇ ಗೊತ್ತಾಯಿತು. ಮೊದಲ ಮುಕ್ತ ಚುನಾವಣೆಗೆ ಕೆಲವೇ ದಿನ ಉಳಿದಿರುವಾಗ ‘ಪ್ರಜಾಸತ್ತಾತ್ಮಕ ಜಾಗೃತಿ’ ಪಕ್ಷದ ನಾಯಕ ವೋಲ್ಫ್‌ಗಾಂಗ್ ಶ್ನೂರ್ ಹಳೆಯ ಬಾತ್ಮೀದಾರನೆಂದು ಬಯಲಾಯಿತು. ಆತ ಭಿನ್ನಮತೀಯರ ಪರ ವಾದಿಸುತ್ತಿದ್ದ ವಕೀಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಎರಡು ಜರ್ಮನಿಗಳು ಒಂದಾಗುವ ಮಾತುಕತೆಯಲ್ಲಿ ಕಡತಗಳ ವಿಷಯ ಬದಿಗೆ ಸರಿಯತೊಡಗಿದಾಗ, ಸೆಪ್ಟೆಂಬರ್‌ನಲ್ಲಿ ಹೋರಾಟಗಾರ್ತಿ ಬೇರ್ಬೆಲ್ ಬೋಲೈ ಮತ್ತು ಸಂಗಾತಿಗಳು ಸ್ಟಾಸಿಯ ಕೇಂದ್ರ ಕಚೇರಿಯನ್ನು ಮತ್ತೆ ಹೊಕ್ಕು ಕುಳಿತರು, ಉಪವಾಸ ಹೂಡಿದರು. ಅವರ ಹಟಕ್ಕೆ ಮಣಿದು ಏಕೀಕರಣ ಒಪ್ಪಂದಕ್ಕೆ ಒಂದು ಪೂರಕ ಒಪ್ಪಂದ ಸೇರಿತು. ಅಕ್ಟೋಬರ್ 3ರಂದು ದೇಶ ಒಂದಾಯಿತು. ಕಡತಗಳ ಹೊಣೆ ರೊಸ್ಟೊಕ್ ನಗರದ ಪಾದ್ರಿ ಯೋಆಖಿಂ ಗೌಕ್ ಅವರ ಹೆಗಲಿಗೆ ಬಿತ್ತು. ಇದೇ ಗೌಕ್ 2012ರಲ್ಲಿ ಜರ್ಮನಿಯ ರಾಷ್ಟ್ರಾಧ್ಯಕ್ಷರಾದರು.

1991ರ ಡಿಸೆಂಬರ್‌ನಲ್ಲಿ ಬಂದ ಸ್ಟಾಸಿ ದಾಖಲೆಗಳ ಕಾಯ್ದೆ ನನ್ನ ಮಟ್ಟಿಗೆ ಕಮ್ಯುನಿಸ್ಟೋತ್ತರ ಸುಧಾರಣೆಗಳಲ್ಲೇ ಅತ್ಯಂತ ಸೂಕ್ಷ್ಮವಾಗಿ ನೇಯ್ದ ಕಾನೂನು. ಅದು ಜನರನ್ನು ಬೇರೆ ಬೇರೆ ವರ್ಗಗಳಾಗಿ ನೋಡುತ್ತದೆ: ಯಾರ ಮೇಲೆ ಕಣ್ಣಿಡಲಾಗಿತ್ತೋ ಅವರು, ಕಣ್ಣಿಟ್ಟವರು, ಸ್ಟಾಸಿಯಿಂದ ಲಾಭ ಪಡೆದವರು, ಮತ್ತು ಸುಮ್ಮನೆ ಕಾಗದದಲ್ಲಿ ಹೆಸರು ಸಿಕ್ಕಿಬಿದ್ದ ಮೂರನೆಯವರು. ಕಣ್ಗಾವಲಿಗೆ ಗುರಿಯಾದವರಿಗೆ ತಮ್ಮ ಕಡತವನ್ನು ಓದುವ ಹಕ್ಕು, ಅದೂ ಉಚಿತವಾಗಿ. ಬಾತ್ಮೀದಾರನ ಗುಪ್ತನಾಮ ಕಂಡರೆ ಅವನ ನಿಜವಾದ ಹೆಸರು ಕೇಳುವ ಹಕ್ಕು. ಆದರೆ ಕಡತದಲ್ಲಿ ಬರುವ ಇತರ ಮುಗ್ಧರ ಖಾಸಗಿ ವಿವರಗಳಿಗೆ ಮಸಿ ಬಳಿದೇ ಪ್ರತಿ ಕೊಡಬೇಕು. ನಿನ್ನ ಕಡತದಲ್ಲಿ ನಿನ್ನ ಗೆಳತಿಯ ಕಾಯಿಲೆಯ ವಿಷಯವಿದ್ದರೆ ಅದು ನಿನಗೆ ಸೇರಿದ್ದಲ್ಲ. ಬಾತ್ಮೀದಾರನಿಗೂ ತನ್ನ ಬಗ್ಗೆ ಇರುವುದನ್ನು ತಿಳಿಯುವ ಅವಕಾಶವುಂಟು. ತಾನು ದೂರು ಹೇಳಿದವರ ಖಾಸಗಿ ಸಂಗತಿಯನ್ನು ಮತ್ತೊಮ್ಮೆ ಓದುವ ಅವಕಾಶ ಮಾತ್ರ ಇಲ್ಲ. ಕದ್ದು ಕೂಡಿಟ್ಟ ಮಾಹಿತಿಯನ್ನು ಹೊಸ ಬೇಹುಗಾರಿಕೆ ಸಂಸ್ಥೆಗಳು ಮನಬಂದಂತೆ ಬಳಸದ ಹಾಗೆ ಬೇಲಿಯನ್ನೂ ಕಾನೂನು ಹಾಕಿತು. ನೊಂದವರ ಹಕ್ಕನ್ನು ಕಾಯಲು ಹೊರಟ ಕಾನೂನು ಇನ್ನೊಬ್ಬರನ್ನು ಹೊಸದಾಗಿ ನೋಯಿಸಬಾರದೆಂಬ ಎಚ್ಚರ ಇಲ್ಲಿ ಸಾಲು ಸಾಲಿನಲ್ಲೂ ಇದೆ.

1992ರ ಜನವರಿ 2ರಂದು ಓದುವ ಕೋಣೆ ತೆರೆಯಿತು. ಆಗ ಸಂಸತ್ ಸದಸ್ಯೆಯಾಗಿದ್ದ ಫೇರಾ ವೊಲ್ಲೆನ್‌ಬರ್ಗರ್ 1988ರಲ್ಲಿ ಜೈಲು ಕಂಡಿದ್ದ ಹೋರಾಟಗಾರ್ತಿ. ತಮ್ಮ ಬಗ್ಗೆ ವರದಿ ಬರೆಯುತ್ತಿದ್ದ ‘ಡೊನಾಲ್ಡ್’ ಎಂಬ ಬಾತ್ಮೀದಾರ ತಮ್ಮ ಗಂಡನೇ ಎಂಬುದು ಕಡತಗಳಿಂದ ಅವರಿಗೆ ತಿಳಿಯಿತು. ಮಕ್ಕಳ ತಂದೆ ಆತ. ಆ ವರ್ಷವೇ ಮದುವೆ ಮುರಿಯಿತು. ಇಂಥ ಸತ್ಯ ತಿಳಿಯದಿದ್ದರೇ ನೆಮ್ಮದಿಯಿತ್ತಲ್ಲವೇ ಎಂದು ಕೇಳುವವರಿಗೆ ಒಂದು ಮಾತು: ಆ ಆಯ್ಕೆ ಅವರದೇ ಆಗಿತ್ತು. ಕಾನೂನು ಯಾರನ್ನೂ ಓದು ಎಂದು ಬಲವಂತ ಮಾಡಲಿಲ್ಲ. ನನಗೆ ಬೇಡ ಎಂದು ಇಂದಿಗೂ ಅರ್ಜಿ ಹಾಕದವರಿದ್ದಾರೆ, ಅದೂ ಹಕ್ಕೇ.

ಕಡತಗಳಲ್ಲಿ ದ್ರೋಹ ಮಾತ್ರ ಇರಲಿಲ್ಲ. ಬಾತ್ಮೀದಾರನಾಗು ಎಂದು ಕೇಳಿದಾಗ ಒಪ್ಪದವರ ಹೆಸರೂ ಅಲ್ಲಿವೆ. ಒಲ್ಲೆ ಎನ್ನಲು ಬಹಳ ಸಲ ದೊಡ್ಡ ವೀರತನವೂ ಬೇಕಾಗಿರಲಿಲ್ಲ. ‘ನೀವು ಕೇಳಿದ್ದನ್ನು ಹೆಂಡತಿಗೆ ಹೇಳದೆ ಇರಲಾರೆ’ ಎಂದರೆ ಸಾಕು, ಗುಟ್ಟು ನಿಲ್ಲದ ಆಳು ತಮಗೆ ಬೇಡವೆಂದು ಅಧಿಕಾರಿಗಳು ಕೈಬಿಡುತ್ತಿದ್ದರು. ಅನುಮಾನಕ್ಕೆ ಸಿಲುಕಿದ್ದ ಗೆಳೆಯ ನಿರಪರಾಧಿ ಎಂದು ಓದಿ ತಿಳಿದವರೂ ಇದ್ದಾರೆ. ಹೆದರಿದವರು ಹೇಳಿದ್ದ ರಕ್ತಪಾತ ಆಗಲೇ ಇಲ್ಲ.

ಕೊರತೆಗಳೂ ಇದ್ದವು, ಅವನ್ನು ಮರೆಮಾಚಬಾರದು. ಶಿಕ್ಷಕರು, ನ್ಯಾಯಾಧೀಶರು, ಪೊಲೀಸರ ಹಿನ್ನೆಲೆ ಪರೀಕ್ಷೆಯಲ್ಲಿ ಜನರ ಸಿಟ್ಟೆಲ್ಲ ಬಾತ್ಮೀದಾರರ ಮೇಲೆ ತಿರುಗಿತು. ಅವರನ್ನು ಕುಣಿಸಿದ ಅಧಿಕಾರಿಗಳು, ಆದೇಶ ಕೊಟ್ಟ ಪಕ್ಷದ ನಾಯಕರು ಅಷ್ಟಾಗಿ ಬಿಸಿ ಮುಟ್ಟಿಸಿಕೊಳ್ಳಲಿಲ್ಲ. ಮೀಲ್ಕೆಗೆ 1993ರಲ್ಲಿ ಆರು ವರ್ಷ ಶಿಕ್ಷೆಯಾಯಿತು. ಆದರೆ ಅದು 1931ರಲ್ಲಿ ಬರ್ಲಿನ್ನಿನ ಇಬ್ಬರು ಪೊಲೀಸರನ್ನು ಕೊಂದ ಪ್ರಕರಣಕ್ಕೆ. ಸ್ಟಾಸಿಯನ್ನು ಮೂವತ್ತೆರಡು ವರ್ಷ ಆಳಿದ್ದಕ್ಕೆ ಆತ ಶಿಕ್ಷೆ ಅನುಭವಿಸಲೇ ಇಲ್ಲ. ನಾವು ಬಯಸಿದ್ದು ನ್ಯಾಯ, ಸಿಕ್ಕಿದ್ದು ಕಾನೂನಿನ ಆಡಳಿತ ಎಂಬರ್ಥದ ಮಾತನ್ನು ಬೋಲೈ ನೋವಿನಿಂದಲೇ ಆಡಿದರು.

ಆದರೂ ನೆರೆಯ ದೇಶಗಳತ್ತ ನೋಡಿದಾಗ ಈ ದಾರಿಯ ಬೆಲೆ ತಿಳಿಯುತ್ತದೆ. ಪೋಲೆಂಡಿನ ಪ್ರಧಾನಿ ಮಜೊವಿಯೆಟ್ಸ್ಕಿ 1989ರಲ್ಲಿ ಹಿಂದಿನದರ ಕೆಳಗೆ ದಪ್ಪನೆಯ ಗೆರೆ ಎಳೆಯುತ್ತೇವೆ ಎಂದರು. ಗೆರೆ ನಿಲ್ಲಲಿಲ್ಲ. 1992ರ ಜೂನ್‌ನಲ್ಲಿ ಗೃಹಸಚಿವರು ಸಂಸತ್ತಿಗೆ ಶಂಕಿತ ಬಾತ್ಮೀದಾರರ ಪಟ್ಟಿ ಕಳಿಸಿದರು, ಅದರಲ್ಲಿ ಅಧ್ಯಕ್ಷ ಲೆಖ್ ವಲೆಂಸಾ ಹೆಸರೂ ಇತ್ತು. ಅದೇ ರಾತ್ರಿ ಸರ್ಕಾರ ಬಿತ್ತು. ವಲೆಂಸಾ ಕುರಿತ ಕಡತವೊಂದು 2016ರಲ್ಲಿ ಮಾಜಿ ಗೃಹಸಚಿವ ಕಿಶ್ಚಾಕ್ ಮನೆಯಲ್ಲಿ ಪತ್ತೆಯಾಯಿತು. ಸರ್ಕಾರಿ ದಾಖಲೆ ಒಬ್ಬರ ಮನೆಯಲ್ಲಿ ದಶಕಗಟ್ಟಲೆ ಬೆದರಿಕೆಯಾಗಿ ಮಲಗಿತ್ತು. ಚೆಕೊಸ್ಲೊವಾಕಿಯಾ 1991ರ ಅಕ್ಟೋಬರ್‌ನಲ್ಲಿ ಹಳೆಯ ಪಕ್ಷಾಧಿಕಾರಿಗಳನ್ನೂ ಬಾತ್ಮೀದಾರರನ್ನೂ ಉನ್ನತ ಹುದ್ದೆಗಳಿಂದ ದೂರವಿಡುವ ಕಾನೂನು ಮಾಡಿತು. ಮರುವರ್ಷ ಒಂದು ಪತ್ರಿಕೆ ಲಕ್ಷಕ್ಕೂ ಮಿಕ್ಕ ಹೆಸರುಗಳ ಪಟ್ಟಿಯನ್ನು ಅನಧಿಕೃತವಾಗಿ ಅಚ್ಚು ಹಾಕಿತು. ಪಟ್ಟಿಯಲ್ಲಿ ಹೆಸರು ಕಂಡವರು ಕೋರ್ಟಿಗೆ ಅಲೆಯಬೇಕಾಯಿತು, ಹಲವರು ಗೆದ್ದು ಬಂದರು. ಪಟ್ಟಿಗೂ ಕಡತಕ್ಕೂ ಇರುವ ಅಂತರ ಇದು. ಪಟ್ಟಿಯಲ್ಲಿ ಬರಿಯ ಹೆಸರು. ಒಪ್ಪಿದನೋ, ಹೆದರಿ ಸಹಿ ಹಾಕಿದನೋ, ಸಹಿ ಹಾಕಿಯೂ ಏನೂ ಹೇಳದೆ ಉಳಿದನೋ ಎಂಬುದನ್ನು ಕಡತ ಓದಿದರೇ ತಿಳಿಯಬೇಕು. ರಷ್ಯಾದಲ್ಲಂತೂ ಕೆಜಿಬಿಯ ಉಗ್ರಾಣ ಜನರಿಗೆ ಹೀಗೆ ತೆರೆಯಲೇ ಇಲ್ಲ. ಸ್ಟಾಲಿನ್ ಕಾಲದ ಬಲಿಗಳ ಹೆಸರು ಕೂಡಿಹಾಕುತ್ತಿದ್ದ ‘ಮೆಮೋರಿಯಲ್’ ಸಂಸ್ಥೆಯನ್ನೇ 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಚ್ಚಿಸಿತು.

ಜರ್ಮನಿಯಲ್ಲಿ ಈವರೆಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ತಮ್ಮ ಕಡತ ನೋಡಬೇಕೆಂದು ಬಂದಿವೆ. 2021ರ ಜೂನ್‌ನಲ್ಲಿ ಎಲ್ಲ ದಾಖಲೆಗಳೂ ರಾಷ್ಟ್ರೀಯ ಅಭಿಲೇಖಾಲಯಕ್ಕೆ ಸೇರಿದವು, ಓದುವ ಹಕ್ಕು ಮುಂದುವರಿದಿದೆ. ತೀರಿಕೊಂಡವರ ಹತ್ತಿರದ ಬಂಧುಗಳೂ ಈಗ ಅರ್ಜಿ ಹಾಕಬಹುದು. 1989ರ ಆ ಕೊನೆಯ ವಾರಗಳಲ್ಲಿ ಯಂತ್ರಗಳು ಕೆಟ್ಟುಹೋದಾಗ ಸ್ಟಾಸಿ ಅಧಿಕಾರಿಗಳು ಕೈಯಿಂದಲೇ ಹರಿದು ತುಂಬಿಟ್ಟಿದ್ದ ಸುಮಾರು 16,000 ಚೀಲ ಚೂರುಗಳೂ ಜನರ ಕೈ ಸೇರಿದ್ದವು. 1995ರಿಂದ ನ್ಯೂರೆಂಬರ್ಗ್ ಬಳಿಯ ತ್ಸಿರ್ನ್‌ಡಾರ್ಫ್‌ನಲ್ಲಿ ಸಿಬ್ಬಂದಿ ಆ ಚೂರುಗಳನ್ನು ಒಂದೊಂದಾಗಿ ಹೊಂದಿಸಿ ಅಂಟಿಸತೊಡಗಿದರು. ಕಂಪ್ಯೂಟರ್ ನೆರವಿನ ಪ್ರಯತ್ನವೂ ನಡೆದು ಹೆಚ್ಚು ದೂರ ಸಾಗದೆ ನಿಂತಿತು. ಕೈಕೆಲಸದಿಂದಲೇ ಹದಿನೈದು ಲಕ್ಷಕ್ಕೂ ಮಿಕ್ಕಿದ ಪುಟಗಳು ಮತ್ತೆ ಓದುವಂತಾಗಿವೆ. ಉಳಿದ ಚೀಲಗಳ ಸಂಖ್ಯೆ ಇನ್ನೂ 15,000ದ ಆಸುಪಾಸಿನಲ್ಲಿದೆ.