ಉಸಿರಿನಲ್ಲಿ ಹಾಲಿನ ಲೆಕ್ಕ: ಮನೆಯಲ್ಲೇ ಬಳಸುವ ಉಸಿರು ಪರೀಕ್ಷಾ ಸಾಧನ ಮತ್ತು ನಮ್ಮ ಆಹಾರೋದ್ಯಮ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾಗಲ್ ದಾಟಿ ಕರ್ನಾಟಕವನ್ನು ಪ್ರವೇಶಿಸಿದೊಡನೆ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ ಎದುರಾಗುತ್ತದೆ. ಗಡಿಯ ಆಚೆ ಕೊಲ್ಹಾಪುರದ ‘ಗೋಕುಳ’ ಹಾಲು, ಈಚೆ ಬೆಳಗಾವಿಯ ‘ನಂದಿನಿ’ ಹಾಲು. ಎರಡೂ ಕಡೆ ಪೇಢೆ, ಕುಂದಾ, ಬಾಸುಂದಿ, ಶ್ರೀಖಂಡಗಳ ವ್ಯಾಪಾರ. ಹೈನುಗಾರಿಕೆಯನ್ನು ಆಶ್ರಯಿಸಿದ ಇಂತಹ ಪ್ರದೇಶದಲ್ಲಿ ‘ನನಗೆ ಹಾಲು ಆಗಿಬರುವುದಿಲ್ಲ’ ಎಂಬ ಗ್ರಾಹಕನ ಮಾತನ್ನು ವ್ಯಾಪಾರಸ್ಥರು ಲಘುವಾಗಿ ಪರಿಗಣಿಸುವಂತಿಲ್ಲ. ಆ ಮಾತಿನ ಸತ್ಯಾಸತ್ಯತೆಯನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದೆಂದು ಹೇಳುವ ಸಾಧನಗಳು ಈಗ ಬಂದಿವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಯಂತ್ರದೊಳಗೆ ಊದಿದರೆ ಫಲಿತಾಂಶವು ಮೊಬೈಲ್‌ನ ಆ್ಯಪ್‌ನಲ್ಲಿ ಮೂಡುತ್ತದೆ. ಐರ್ಲೆಂಡ್ ದೇಶದ ಡಬ್ಲಿನ್ ನಗರದ ಫುಡ್‌ಮಾರ್ಬಲ್ ಸಂಸ್ಥೆಯ ‘ಐರ್’ ಈ ವರ್ಗದ ಪರಿಚಿತ ಸಾಧನ.

ಇಂತಹ ಸಾಧನ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಆಹಾರ ತಯಾರಕರೂ ಮಾರಾಟಗಾರರೂ ಅರಿತಿರುವುದು ಅವಶ್ಯಕ. ತಪ್ಪು ತಿಳಿವಳಿಕೆಯಿಂದ ಒಂದು ಕುಟುಂಬವು ಹಾಲನ್ನೇ ತ್ಯಜಿಸಿದರೆ ಮಕ್ಕಳ ಪೋಷಣೆಗೂ ನಷ್ಟ, ಹೈನುಗಾರನಿಗೂ ನಷ್ಟ.

ಉಸಿರಿಗೂ ಕರುಳಿಗೂ ಇರುವ ನಂಟು

ಮನುಷ್ಯನ ಜೀವಕೋಶಗಳು ಜಲಜನಕ ಅನಿಲವನ್ನು ಉತ್ಪಾದಿಸುವುದಿಲ್ಲ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಸಕ್ಕರೆಯ ಅಂಶವು ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಆಗ ಹುಟ್ಟುವ ಜಲಜನಕದ ಒಂದು ಭಾಗವು ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಹೊರಬರುತ್ತದೆ. ಅಮೆರಿಕದ ವೈದ್ಯ ಮೈಕೆಲ್ ಲೆವಿಟ್ ಅವರು ಮಾನವ ದೇಹದಲ್ಲಿ ಜಲಜನಕದ ಉತ್ಪತ್ತಿ ಹಾಗೂ ವಿಸರ್ಜನೆಯನ್ನು ಕುರಿತು 1969ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪರೀಕ್ಷೆಗೆ ಅಡಿಪಾಯವಾಯಿತು. ಅಂದಿನಿಂದ ಆಸ್ಪತ್ರೆಗಳಲ್ಲಿ ನಡೆಯುತ್ತ ಬಂದ ಪರೀಕ್ಷೆಯ ಕಿರುರೂಪವೇ ಇಂದಿನ ಗೃಹಬಳಕೆಯ ಸಾಧನ.

ಉತ್ತರ ಅಮೆರಿಕದ ತಜ್ಞರು 2017ರಲ್ಲಿ ಒಮ್ಮತದಿಂದ ರೂಪಿಸಿದ ಕ್ರಮದಂತೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು 25 ಗ್ರಾಂ ಪ್ರಮಾಣದಲ್ಲಿ ನೀರಿನಲ್ಲಿ ಕದಡಿ ಕುಡಿಸಿ, ಸುಮಾರು ಮೂರು ಗಂಟೆಗಳ ಕಾಲ ನಿಯತ ಅಂತರದಲ್ಲಿ ಉಸಿರನ್ನು ಅಳೆಯಲಾಗುತ್ತದೆ. ಜಲಜನಕವು ಆರಂಭದ ಮಟ್ಟಕ್ಕಿಂತ ದಶಲಕ್ಷಕ್ಕೆ 20 ಭಾಗ ಅಥವಾ ಹೆಚ್ಚು ಏರಿದರೆ ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗಿಲ್ಲವೆಂದು ತಿಳಿಯಬೇಕು. ಕೆಲವರ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಜಲಜನಕವನ್ನು ಬಳಸಿಕೊಂಡು ಮೀಥೇನ್ ಉತ್ಪಾದಿಸುವುದರಿಂದ, ಜಲಜನಕವೊಂದನ್ನೇ ಅಳೆದರೆ ಅಂಥವರ ಫಲಿತಾಂಶ ದಾರಿ ತಪ್ಪಿಸಬಹುದು. ಆದುದರಿಂದ ‘ಐರ್’ ಸಾಧನದ ಎರಡನೆಯ ಆವೃತ್ತಿಯಲ್ಲಿ ಮೀಥೇನ್ ಅಳತೆಯನ್ನೂ ಸೇರಿಸಲಾಗಿದೆ.

ಜೀರ್ಣವಾಗದಿರುವುದು ಬೇರೆ, ಒಗ್ಗದಿರುವುದು ಬೇರೆ

ಇಲ್ಲಿಯೇ ಬಹುತೇಕ ಗೊಂದಲ ಹುಟ್ಟುವುದು. ಶೈಶವದ ನಂತರ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಕಡಿಮೆಯಾಗುತ್ತ ಹೋಗುವುದು ಜಗತ್ತಿನ ಬಹುಪಾಲು ಜನರಲ್ಲಿ ಸಹಜ, ಅದು ರೋಗವಲ್ಲ. ಭಾರತದಲ್ಲಿ 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೆಹಲಿಯ ಆರೋಗ್ಯವಂತರ ಪೈಕಿ ಶೇ. 27.4ರಷ್ಟು ಜನರಿಗೂ, ದಕ್ಷಿಣ ಭಾರತದ ಎರಡು ಕೇಂದ್ರಗಳಲ್ಲಿ ಶೇ. 66.6ರಷ್ಟು ಜನರಿಗೂ ಲ್ಯಾಕ್ಟೋಸ್ ಒಗ್ಗದಿರುವುದು ಕಂಡುಬಂದಿತು. 2010ರಲ್ಲಿ ಉಸಿರು ಪರೀಕ್ಷೆಯನ್ನೂ ಅನುವಂಶೀಯ ಪರೀಕ್ಷೆಯನ್ನೂ ಬಳಸಿ ನಡೆಸಿದ ಇನ್ನೊಂದು ಅಧ್ಯಯನವೂ ಉತ್ತರದವರಿಗಿಂತ ದಕ್ಷಿಣದವರಲ್ಲಿಯೇ ಈ ಲಕ್ಷಣ ಹೆಚ್ಚೆಂದು ತೋರಿಸಿತು. ಅಂದರೆ ನಮ್ಮ ಭಾಗದ ಆರೋಗ್ಯವಂತ ಜನರನ್ನು ಪರೀಕ್ಷಿಸಿದರೂ ಅನೇಕರ ಉಸಿರಿನಲ್ಲಿ ಜಲಜನಕ ಏರುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಅವರಲ್ಲಿ ಹೆಚ್ಚಿನವರು ದಿನವೂ ಚಹಾ ಕುಡಿದು, ಮಜ್ಜಿಗೆ ಊಟ ಮಾಡಿ ನೆಮ್ಮದಿಯಿಂದಿರುತ್ತಾರೆ.

ಕಾರಣವು ಪ್ರಮಾಣದಲ್ಲಿದೆ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 4.8 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಪರೀಕ್ಷೆಯ 25 ಗ್ರಾಂ ಎಂದರೆ ಅರ್ಧ ಲೀಟರಿಗೂ ಮೀರಿದ ಹಾಲನ್ನು ಬರಿಹೊಟ್ಟೆಯಲ್ಲಿ ಒಮ್ಮೆಲೇ ಕುಡಿದಂತೆ. 50 ಮಿಲಿಲೀಟರ್ ಹಾಲು ಹಾಕಿದ ಒಂದು ಲೋಟ ಚಹಾದಲ್ಲಿರುವುದು 2.4 ಗ್ರಾಂ ಮಾತ್ರ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ನೀಡಿದ ಅಭಿಪ್ರಾಯದಂತೆ, ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗದವರಲ್ಲಿಯೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ ವಿಶೇಷ ತೊಂದರೆಯಿಲ್ಲದೆ ಸೇವಿಸಬಲ್ಲರು.

ನಮ್ಮ ಸಿಹಿ ತಿನಿಸುಗಳಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಬಹುದು. ಹಾಲು ಐದನೆಯ ಒಂದು ಭಾಗಕ್ಕೆ ಇಂಗಿ ಖೋವಾ ಆಗುವುದೆಂದು ಭಾವಿಸಿದರೆ, 50 ಗ್ರಾಂ ಖೋವಾದಲ್ಲಿ ಕಾಲು ಲೀಟರ್ ಹಾಲಿನ, ಅಂದರೆ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಸೇರಿರುತ್ತದೆ. ಚಹಾದಿಂದ ತೊಂದರೆಯಿಲ್ಲದವರಿಗೂ ನಾಲ್ಕಾರು ಪೇಢೆಗಳ ನಂತರ ಹೊಟ್ಟೆಯುಬ್ಬರ ಉಂಟಾಗುವುದೇಕೆಂಬುದು ಇದರಿಂದ ಸ್ಪಷ್ಟ. ಮೊಸರಿನಲ್ಲಿ ಲ್ಯಾಕ್ಟೋಸಿನ ಒಂದಂಶ ಹುದುಗುವಾಗಲೇ ಕರಗಿರುತ್ತದೆ. ತುಪ್ಪದಲ್ಲಿ ಅದು ಇಲ್ಲವೆಂದೇ ಹೇಳಬಹುದು.

ಅಂಕಿ ದಾರಿ ತಪ್ಪುವ ಸಂದರ್ಭಗಳು

ಗೃಹಬಳಕೆಯ ಸಾಧನದ ಆ್ಯಪ್ ಹುದುಗುವಿಕೆಯ ಮಟ್ಟವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ತೋರಿಸುತ್ತದೆ. ಆ ಅಂಕಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು. ಕಡಲೆ, ತೊಗರಿ ಮುಂತಾದ ಬೇಳೆಕಾಳುಗಳಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವವು ಯಾವ ಮನುಷ್ಯನ ಕರುಳಿನಲ್ಲಿಯೂ ಇಲ್ಲ. ಜುಣಕ ಮತ್ತು ಜೋಳದ ರೊಟ್ಟಿ ಉಂಡ ಮೇಲೆ ಊದಿದರೆ ಆರೋಗ್ಯವಂತನ ಅಂಕಿಯೂ ಏರಬಹುದು. ಈರುಳ್ಳಿ, ಬೆಳ್ಳುಳ್ಳಿಗಳ ವಿಷಯವೂ ಇಷ್ಟೇ. ಆದುದರಿಂದ ಪರೀಕ್ಷೆಯ ಹಿಂದಿನ ದಿನ ಬಿಳಿ ಅನ್ನದಂತಹ ಸರಳ ಆಹಾರ ಸೇವಿಸಿ, ರಾತ್ರಿಯಿಂದ 8ರಿಂದ 12 ಗಂಟೆಗಳ ಕಾಲ ಉಪವಾಸವಿರಬೇಕು. ಪ್ರತಿಜೈವಿಕ ಔಷಧ ಸೇವಿಸಿ ನಾಲ್ಕು ವಾರ ಕಳೆದಿರಬೇಕು. ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯಲ್ಲಿ ಒತ್ತಿ ಹೇಳಬೇಕಾದ ಮಾತೊಂದಿದೆ: ಬೀಡಿ, ಸಿಗರೇಟುಗಳ ಹೊಗೆಯಿಂದಲೇ ಉಸಿರಿನ ಜಲಜನಕ ಏರುವುದರಿಂದ, ಪರೀಕ್ಷೆಯ ದಿನ ಧೂಮಪಾನ ಮಾಡಿದರೆ ಫಲಿತಾಂಶ ಕೆಡುತ್ತದೆ.

ಅನಿಲ ಏರಬೇಕು, ಅದೇ ವೇಳೆಯಲ್ಲಿ ಉಬ್ಬರ, ನೋವು ಅಥವಾ ಭೇದಿ ಕಾಣಿಸಬೇಕು, ದಿನನಿತ್ಯ ಸೇವಿಸುವ ಪ್ರಮಾಣದಲ್ಲಿಯೂ ಅದು ಮರುಕಳಿಸಬೇಕು. ಈ ಮೂರೂ ಕೂಡಿದಾಗ ಮಾತ್ರ ಆಹಾರ ಒಗ್ಗುವುದಿಲ್ಲವೆಂಬ ಮಾತಿಗೆ ಬೆಲೆ. ಊಟದ ವಿವರವನ್ನೂ ತೊಂದರೆಯ ವೇಳೆಯನ್ನೂ ದಾಖಲಿಸಿಡುವ ಸೌಲಭ್ಯವೇ ಆ್ಯಪ್‌ನ ನಿಜವಾದ ಉಪಯೋಗ.

ಹಾಲಿನ ಅಲರ್ಜಿಯನ್ನಾಗಲಿ, ಗೋಧಿಯ ಗ್ಲುಟೆನ್‌ನಿಂದ ಬರುವ ಸೀಲಿಯಾಕ್ ರೋಗವನ್ನಾಗಲಿ ಉಸಿರು ಪರೀಕ್ಷೆ ಪತ್ತೆ ಮಾಡಲಾರದು. ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ ಇದ್ದವರು ಸಾಧನದ ಮೊರೆ ಹೋಗದೆ ವೈದ್ಯರನ್ನು ಕಾಣತಕ್ಕದ್ದು. ಮಧುಮೇಹಿಗಳು ವೈದ್ಯರ ಸಲಹೆಯಿಲ್ಲದೆ ಸಕ್ಕರೆ ಕುಡಿದು ಪರೀಕ್ಷಿಸಿಕೊಳ್ಳಬಾರದು. ರಕ್ತದ ‘ಐಜಿಜಿ’ ಅಂಶವನ್ನು ಅಳೆದು ಒಗ್ಗದ ಆಹಾರಗಳ ಉದ್ದನೆಯ ಪಟ್ಟಿ ಕೊಡುವ ಪರೀಕ್ಷೆಗಳೂ ಮಾರುಕಟ್ಟೆಯಲ್ಲಿವೆ. ಇಂತಹ ರಕ್ತಪರೀಕ್ಷೆ ಆಹಾರ ಅಲರ್ಜಿಯ ಅಥವಾ ಒಗ್ಗದಿರುವಿಕೆಯ ನಿರ್ಧಾರಕ್ಕೆ ತಕ್ಕುದಲ್ಲವೆಂದು ಯೂರೋಪಿನ ಅಲರ್ಜಿ ತಜ್ಞರ ಅಕಾಡೆಮಿಯ ಕಾರ್ಯತಂಡವು 2008ರಲ್ಲಿಯೇ ಸ್ಪಷ್ಟಪಡಿಸಿದೆ.

ತಯಾರಕರ ಗಮನಕ್ಕೆ

ಮೊದಲನೆಯದಾಗಿ, ಲೇಬಲ್. 2020ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ನಿಯಮಗಳ ಪ್ರಕಾರ ಹಾಲು, ಗ್ಲುಟೆನ್ ಇರುವ ಧಾನ್ಯಗಳು, ಶೇಂಗಾ, ಗೋಡಂಬಿಯಂತಹ ಬೀಜಗಳು, ಸೋಯಾ ಮುಂತಾದ ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕು. ಲ್ಯಾಕ್ಟೋಸ್ ಒಗ್ಗದವನಿಗೆ ಪ್ರಮಾಣ ಮುಖ್ಯ. ಹಾಲಿನ ಅಲರ್ಜಿ ಇರುವ ಮಗುವಿಗಾದರೋ ಹಾಲಿನ ಲವಲೇಶವೂ ಅಪಾಯಕಾರಿ. ಒಂದೇ ಬಾಣಲೆಯಲ್ಲಿ ಖೋವಾ ಹುರಿದು, ಮತ್ತೆ ಅದರಲ್ಲಿಯೇ ಕರದಂಟು ಮಾಡುವವರು ಇದನ್ನು ಮರೆಯಬಾರದು.

ಎರಡನೆಯದಾಗಿ, ‘ಸಕ್ಕರೆ ರಹಿತ’ ಸಿಹಿತಿಂಡಿ. ಇದಕ್ಕೆ ಬಳಸುವ ಸಾರ್ಬಿಟಾಲ್, ಮಾಲ್ಟಿಟಾಲ್‌ಗಳು ಪೂರ್ಣವಾಗಿ ಹೀರಲ್ಪಡದೆ ಕರುಳಿನಲ್ಲಿ ಹುದುಗುತ್ತವೆ, ಹೆಚ್ಚಾದರೆ ಭೇದಿಯಾಗುತ್ತದೆ. ಈ ಕುರಿತ ಎಚ್ಚರಿಕೆಯನ್ನು ಲೇಬಲ್ ಮೇಲೆ ಮುದ್ರಿಸಬೇಕೆಂಬ ನಿಯಮವಿದೆ. ಪೇಢೆಯನ್ನು ದೂರುವ ಗ್ರಾಹಕನಿಗೆ ತೊಂದರೆ ಕೊಟ್ಟದ್ದು ಹಾಲಲ್ಲದೆ ಈ ಸಿಹಿಕಾರಕವೂ ಆಗಿರಬಹುದು.

ಮೂರನೆಯದಾಗಿ, ಲ್ಯಾಕ್ಟೋಸ್ ರಹಿತ ಹಾಲು. ಲ್ಯಾಕ್ಟೇಸ್ ಕಿಣ್ವವನ್ನು ಬೆರೆಸಿ ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್‌ಗಳಾಗಿ ಒಡೆಯುವುದೇ ಇದರ ಸಾಮಾನ್ಯ ವಿಧಾನ. ಒಟ್ಟು ಸಕ್ಕರೆ ಕಡಿಮೆಯಾಗುವುದಿಲ್ಲ, ಸಿಹಿ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಇದನ್ನು ಮಧುಮೇಹಿಗಳ ಹಾಲೆಂದು ಮಾರುವುದು ತಪ್ಪು. ಇಂತಹ ಹಾಲನ್ನು ಕಾಯಿಸಿ ಇಂಗಿಸಿದಾಗ ಬೇಗನೆ ಕಂದುಬಣ್ಣಕ್ಕೆ ತಿರುಗುವುದರಿಂದ, ಬಿಳಿ ಪೇಢೆಗಿಂತ ಕುಂದಾದಂತಹ ಕಂದು ತಿನಿಸಿಗೆ ಅದು ಹೆಚ್ಚು ಹೊಂದೀತು. ಪ್ರಯೋಗಾಸಕ್ತ ತಯಾರಕರು ಸಣ್ಣ ಪ್ರಮಾಣದಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು.

ಸಾಧನವನ್ನು ಮಾರಬಯಸುವವರಿಗೆ

ದೇಶದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲವೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ರೋಗನಿರ್ಣಯದ ಉದ್ದೇಶದ ಸಾಧನವನ್ನು ಆಮದು ಮಾಡಿಕೊಳ್ಳಲು 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಪರವಾನಗಿ ಬೇಕು. ಮಾರಾಟಗಾರನಿಗೂ ನೋಂದಣಿ ಅಥವಾ ಪರವಾನಗಿ ಬೇಕು. ‘ಊದಿ ನೋಡಿ, ಒಗ್ಗದ ಆಹಾರವನ್ನೆಲ್ಲ ತಿಳಿಯಿರಿ’ ಎಂಬಂತಹ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಪ್ಪುದಾರಿಗೆಳೆಯುವ ಜಾಹೀರಾತೆಂದು ಪರಿಗಣಿತವಾದಲ್ಲಿ, ಮೊದಲ ಸಲಕ್ಕೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಆ್ಯಪ್‌ನಲ್ಲಿ ಸಂಗ್ರಹವಾಗುವುದು ಗ್ರಾಹಕನ ಆರೋಗ್ಯದ ಮಾಹಿತಿ. ಅದು ಯಾರ ಬಳಿ ಉಳಿಯುತ್ತದೆಂಬುದನ್ನು ಆತನಿಗೆ ತಿಳಿಸುವುದೂ ಮಾರುವವನ ಧರ್ಮ.

ಉಸಿರು ಪರೀಕ್ಷಾ ಸಾಧನವನ್ನು ತಕ್ಕಡಿಗೆ ಹೋಲಿಸಬಹುದು. ಎಷ್ಟು ಅನಿಲವೆಂದು ಅದು ತೂಗಿ ಹೇಳುತ್ತದೆ. ಆ ಅನಿಲದಿಂದ ತೊಂದರೆಯಾಯಿತೇ, ಎಷ್ಟು ಉಂಡಾಗ ಆಯಿತು ಎಂಬುದನ್ನು ಉಂಡವನೇ ಗಮನಿಸಬೇಕು. ತಮ್ಮ ಒಂದು ಪೇಢೆಯಲ್ಲಿ ಎಷ್ಟು ಖೋವಾ ಇದೆ, ಅದರಲ್ಲಿ ಎಷ್ಟು ಲ್ಯಾಕ್ಟೋಸ್ ಇದ್ದೀತು ಎಂದು ಹೇಳಬಲ್ಲ ತಯಾರಕನು ಗ್ರಾಹಕನ ಸಂದೇಹಕ್ಕೆ ಸಮರ್ಪಕ ಉತ್ತರ ಕೊಡಬಲ್ಲನು. ‘ಹಾಲು ಬಿಡಿ’ ಎಂಬ ಸಲಹೆಗಿಂತ ‘ಇಷ್ಟು ಸೇವಿಸಿ ನೋಡಿ’ ಎಂಬ ಸಲಹೆ ಇಬ್ಬರಿಗೂ ಲಾಭದಾಯಕ.